ಖಂಡಪ್ಪನ ಬಿಸಿಲು, ಖಂಡಪ್ಪನ ಗಾಳಿ

ಬೋರಾಮಣಿಯ ಹೊರಗಿನ ಹೊಲದ ಮನೆಗೆ ಕರೆಂಟಿನ ಕಂಬ ಬರಲೇ ಇಲ್ಲ. ಖಂಡಪ್ಪ ಮಾಳಿಗೆಯ ಮೇಲೆ ಸೋಲಾರ್ ತಗಡು ಹಾಕಿಸಿ, ಪಕ್ಕದಲ್ಲಿ ಗಾಳಿಗೆ ತಿರುಗುವ ದೊಡ್ಡ ಪಂಖವನ್ನೂ ನಿಲ್ಲಿಸಿದ. ಎರಡರಿಂದಲೂ ಬ್ಯಾಟರಿ ತುಂಬುತ್ತದೆಂದು ಊರೆಲ್ಲ ಹೇಳಿಕೊಂಡು ಬಂದ. ನಂಬದವಳು ಹೆಂಡತಿ ಜನಾಬಾಯಿ ಒಬ್ಬಳೇ.

"ಇವತ್ತ ನಮ್ಮ ಗುರುಶಾಂತ ಬರಾಕತ್ತಾನ. ಅಂವ ಉಂಡು ಮಲಗಿ ಏಳೂತನಕ ಒಳಗಿನ ಫ್ಯಾನ್ ತಿರಗಿದ್ರ ಇಲ್ಲೇ ಇರ್ತೀನಿ. ನಿಂತ್ರ, ತಮ್ಮನ ಕೂಡ ಸೋಲಾಪುರಕ್ಕ ಹೋಗ್ತೀನಿ ನೋಡ್ರಿ."

ಖಂಡಪ್ಪ ಬ್ಯಾಟರಿಯತ್ತ ಓಡಿದ. ಜನಾಬಾಯಿ ಇಲ್ಲದ ಮನೆ ಅವನಿಗೆ ಬೇಡವೇ ಬೇಡ. ಮೀಟರ್ ನೋಡಿದರೆ ಮುಳ್ಳು ತಳ ಮುಟ್ಟಿತ್ತು! ಮಾಳಿಗೆ ಹತ್ತಿದ. ತಗಡಿನ ತುಂಬ ಕೆಂಪು ಮೆಣಸಿನಕಾಯಿ. ಪಕ್ಕದ ಮನೆಯ ಗಂಗುಬಾಯಿ ಕಾವಲಿಗೆ ಕೂತಿದ್ದಳು.

"ಇದೇನ ಮಾಡೀಬೇ ಗಂಗಕ್ಕಾ?"

"ನೀ ಹೆಂಗೂ ಬಿಸಲಿಗಿ ಇಟ್ಟೀಯಲ್ಲೋ ತಮ್ಮಾ. ಇಳಿಜಾರ ಚಲೋ ಅದ, ಲಗೂನ ಒಣಗ್ತಾವ."

ಎಲ್ಲವನ್ನೂ ಬಾಚಿ ತೆಗೆದು, ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡ. ಕಣ್ಣು ಹತ್ತಿ ಉರಿಯಿತು. ಅರೆಗಣ್ಣಲ್ಲೇ ಪಂಖ ನೋಡಿದ. ಅಷ್ಟು ಗಾಳಿಗೂ ಅದು ಅಲುಗಲಿಲ್ಲ. ಯಾರೋ ಹಗ್ಗ ಬಿಗಿದಿದ್ದರು.

"ನಾನ ಕಟ್ಟೀನಿ," ಕೆಳಗಿನಿಂದ ಕುರಿ ಕಾಯುವ ಅಂಬಾದಾಸ ಕೂಗಿದ. "ಅದರ ಸಪ್ಪಳಕ್ಕ ಕುರಿ ಬೆದರ್ತಾವ. ಬಿಸಲ ಇದ್ದಾಗ ಗಾಳಿ ಯಾಕ ಬೇಕೋ ನಿನಗ?"

ಹಗ್ಗ ಬಿಚ್ಚಿದ್ದೇ ತಡ, ಪಂಖ ಗಿರ್ರನೆ ತಿರುಗಿ ಖಂಡಪ್ಪನ ರುಮಾಲನ್ನೇ ಹಾರಿಸಿಕೊಂಡು ಹೋಯಿತು. ಬೋಳು ತಲೆ ಬಿಟ್ಟುಕೊಂಡು, ಕಣ್ಣೀರು ಸುರಿಸುತ್ತ ಇಳಿದರೆ ಬಾಗಿಲಲ್ಲಿ ಗುರುಶಾಂತ.

"ಮಾಮಾ, ನಾ ಬಂದಿದ್ದಕ್ಕ ಇಷ್ಟು ಖುಷಿ ಆತೇನು?"

"ಸೂರ್ಯನ ಪಳಗಿಸಿದೆ, ಗಾಳಿ ಪಳಗಿಸಿದೆ. ಒಂದ ಮೆಣಸಿನಕಾಯಿ ಪಳಗಿಸಾಕ ಆಗಲಿಲ್ಲೋ ನನಗ," ಎಂದು ಖಂಡಪ್ಪ ಅಳುತ್ತಲೇ ನಕ್ಕ.

ಆದರೂ ಫ್ಯಾನ್ ತಿರುಗಿತು. ಗುರುಶಾಂತ ಉಂಡ, ಗೊರಕೆ ಹೊಡೆದ, ಸಂಜೆಗೆ ಎದ್ದ. ಫ್ಯಾನ್ ನಿಲ್ಲಲಿಲ್ಲ. ಏಳುತ್ತಲೇ ಅವನು ಹೆಂಡತಿಗೆ ಫೋನ್ ಹಚ್ಚಿದ.

"ಉಜ್ವಲಾ, ಅಲ್ಲಿ ಘಳಿಗಿಗೊಮ್ಮೆ ಕರೆಂಟ್ ಹೋಗ್ತದ, ಯಾಕ ಸೆಕಿಯಾಗ ಕುದ್ದು ಸಾಯ್ತಿ? ಹುಡುಗರನ್ನ ಕರಕೊಂಡು ಬಾ. ಸಾಲಿ ಸುರು ಆಗೂತನಕ ಮಾಮಾನ ಮನಿಯಾಗ ಇರೂಣು."

ಗೆದ್ದ ಖುಷಿಯಲ್ಲಿ ಖಂಡಪ್ಪ ಒಳಗೆ ಓಡಿದ. ಜನಾಬಾಯಿ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಫ್ಯಾನ್ ನಿಂತಿಲ್ಲಲ್ಲ! ಮತ್ತ ಎಲ್ಲಿಗಿ?"

"ಸೋಲಾಪುರಕ್ಕರಿ. ಅವರೆಲ್ಲಾ ಇಲ್ಲಿ ಬಂದ್ರ ಅಲ್ಲಿ ಮನಿ ಕಾಯಾಕ ಯಾರರೆ ಬೇಕಲ್ಲ?" ಜನಾಬಾಯಿ ಚೀಲದ ಬಾಯಿ ಕಟ್ಟಿದಳು. "ಮತ್ತ, ಉಜ್ವಲಾಗ ಒಲಿ ಮುಂದ ಕೂಡಸಬ್ಯಾಡ್ರಿ. ನೆಂಟರಾಗಿ ಬರಾಕತ್ತಾಳ ಪಾಪ. ರೊಟ್ಟಿ ನೀವ ಬಡೀರಿ."