ಎಣ್ಣೆ ಮುಟ್ಟದ ಅಡುಗೆ

“ಒಮ್ಮೆ ನಮ್ಮ ಮನಿಗೆ ಊಟಕ್ಕ ಬರ್ರಿ” ಎಂದು ನಾಗಲಿಂಗಪ್ಪ ಹೇಳಿದ್ದು ಬರೀ ಬಾಯಿಮಾತಿಗೆ. ಧಾರವಾಡದ ಕಡೆಯವರು ಬಸ್ಸಿನಲ್ಲಿ ಪಕ್ಕ ಕೂತವನಿಗೂ ಹಾಗೆ ಹೇಳಿ ಇಳಿಯುತ್ತಾರೆ; ಯಾರೂ ಬರುವುದಿಲ್ಲ. ಆದರೆ ದಾಂಡೇಲಿಯ ಕಾಗದದ ಕಾರ್ಖಾನೆಯ ಫೋರ್‌ಮನ್ ಸಾಹೇಬರು, “ನಾಳೆ ಐತವಾರ, ರಜಾ. ಒಂದು ಗಂಟೆಕ್ಕ ಬರ್ತೇನಿ” ಎಂದುಬಿಟ್ಟರು. ಮೇಲೆ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ಕೈಗಿಟ್ಟು, “ಇದು ನಿನ್ನ ಕಡೆ ಇರ್ಲಿ. ನಾಳೆ ಬೇಕಾಗತೈತಿ” ಎಂದರು.

ಡಬ್ಬಿಯ ಮೇಲೆ ಹಂದಿಯ ಚಿತ್ರವಿತ್ತು.

ನಾಗಲಿಂಗಪ್ಪ ಅದನ್ನು ಹೆಗಲ ಟವೆಲ್ಲಿನಲ್ಲಿ ಸುತ್ತಿಕೊಂಡ. ಕೊರಳಲ್ಲಿ ಲಿಂಗವಿದ್ದವನು. ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಹೆಂಡತಿ ನೀಲಕ್ಕ ಬಾಯಿ ತೊಳೆದು ಬಾ ಎನ್ನುವವಳು. ಆದರೆ ಬಾಯ್ಲರ್ ಖಾತೆಯಲ್ಲಿ ಒಂದೇ ಒಂದು ಕಾಯಂ ಜಾಗ ಖಾಲಿ ಇತ್ತು. ಅದಕ್ಕೆ ಕಾದಿದ್ದ ಹಂಗಾಮಿ ಆಳುಗಳು ಇಬ್ಬರು: ಒಬ್ಬ ಇವನು, ಇನ್ನೊಬ್ಬ ಪಕ್ಕದ ಮನೆಯ ಶಿವಲಿಂಗಪ್ಪ. ಹೆಸರು ಬರೆಯುವ ಕೈ ಸಾಹೇಬರದು. ಪುಣ್ಯಕ್ಕೆ ನೀಲಕ್ಕ ಮುಂಡಗೋಡಿನ ತವರಿಗೆ ಹೋಗಿದ್ದಳು. ನಾಳೆ ಎರಡು ಗಂಟೆಯ ಬಸ್ಸಿಗೆ ಬರುವವಳು.

ಇದನ್ನು ಬೇಯಿಸುವುದು ಹೇಗೆಂದು, ಅದೇ ಚಾಳಿನಲ್ಲಿದ್ದ, ಮಿಲ್ಟ್ರಿ ಸೇರಿ ಬಂದ ಯಲ್ಲಪ್ಪನನ್ನು ಗುಟ್ಟಾಗಿ ಕೇಳಿದ.

“ಹೆದರಬ್ಯಾಡೋ ಅಣ್ಣಾ. ಅದು ಬೆಂದಿದ್ದ ಇರತೈತಿ. ಚೂರು ಮಾಡಿ ಕಾದ ಹಂಚಿನ ಮ್ಯಾಲ ಇಡು. ಎಣ್ಣಿ ಒಂದ್ ಹನಿ ಬ್ಯಾಡ. ತನ್ನ ಕೊಬ್ಬಿನ್ಯಾಗ ತಾನ ಹುರೀತೈತಿ.”

ಅದೊಂದು ಸಮಾಧಾನ. ನೀಲಕ್ಕನ ಎಣ್ಣೆಗಡಿಗೆಯಿಂದಲೇ ದೇವರ ದೀಪಕ್ಕೂ ಎಣ್ಣೆ ಹೋಗುತ್ತಿತ್ತು. ಅದನ್ನು ಮುಟ್ಟುವ ಧೈರ್ಯ ಅವನಿಗಿರಲಿಲ್ಲ. ಹಂಚೂ ಒಲೆಯೂ ಅವಳವೇ. ಆದ್ದರಿಂದ ಕಾರ್ಖಾನೆಯಿಂದ ಕಲ್ಲಿದ್ದಲು ಎತ್ತುವ ಸಲಿಕೆಯನ್ನು ಕೇಳಿ ತಂದು, ಬೂದಿ ಹಚ್ಚಿ ಏಳು ಸಲ ತೊಳೆದು, ಹಿತ್ತಲಲ್ಲಿ ಮೂರು ಕಲ್ಲು ಹೂಡಿದ. ಡಬ್ಬಿಗೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿದಾಗ ಇಡೀ ಚಾಳು ಫಿಟ್ಟರ್ ಖಾತೆಯಂತೆ ಸದ್ದು ಮಾಡಿತು.

ಎಣ್ಣೆಯಿಲ್ಲದಿದ್ದರೆ ವಾಸನೆಯೂ ಇರಲಾರದು ಎಂದು ಅವನು ನಂಬಿದ್ದ. ಸಲಿಕೆ ಕಾದದ್ದೇ ತಡ, ಚೂರುಗಳು ಚರ್ರೆಂದವು. ವಾಸನೆ ಮದುವೆಮನೆಗೆ ಕರೆಯದೆ ಬಂದ ನೆಂಟನ ಹಾಗೆ ಮನೆಮನೆ ಹೊಕ್ಕಿತು.

ಹಿತ್ತಲ ಗೋಡೆಯ ಮೇಲೆ ಶಿವಲಿಂಗಪ್ಪನ ಹೆಂಡತಿ ಈರಕ್ಕನ ಮುಖ ಮೂಡಿತು. “ಏನ್ ಹುರಿಯಾಕ ಹತ್ತೀರಿ ಅಣ್ಣಾರ? ಸಲಿಕಿ ಮ್ಯಾಲ?”

ನಾಗಲಿಂಗಪ್ಪ ಡಬ್ಬಿಯ ಚಿತ್ರವನ್ನು ಕಾಲಿನಿಂದ ಮುಚ್ಚಿದ. “ಔಷಧರಿ ಅಕ್ಕಾರ. ಕಾಲನೋವಿಗೆ.”

“ಅಯ್ಯ, ನನಗೂ ವರ್ಷಾತು ಮಂಡಿ ಹಿಡದು. ಒಂದೀಟ ಕೊಡ್ರಿ, ಹಚ್ಚಿಕೊಂತೇನಿ.”

ಅವನು ಸಲಿಕೆಗೆ ಬೆನ್ನು ಅಡ್ಡ ಮಾಡಿದ. “ಇದು ಗಂಡಸರ ಕಾಲಿಗಷ್ಟ ಆಗತೈತ್ರಿ.”

“ಕಾಲಿನ್ಯಾಗೂ ಗಂಡು ಹೆಣ್ಣು ಅದಾವೇನ್ರಿ?” ಎಂದು ಈರಕ್ಕ ಮೂತಿ ತಿರುವಿದಳು. ಗೋಡೆ ಬಿಟ್ಟು ಮಾತ್ರ ಕದಲಲಿಲ್ಲ.

ಒಂದು ಗಂಟೆಗೆ ಸಾಹೇಬರು ಬಂದರು. ಕೈಯಲ್ಲಿ ಸರಪಳಿ, ಸರಪಳಿಯ ತುದಿಗೆ ಕರುವಿನಷ್ಟು ಎತ್ತರದ ನಾಯಿ. ನಾಗಲಿಂಗಪ್ಪ ಎಲೆಯಲ್ಲಿ ಚೂರುಗಳನ್ನು ಜೋಡಿಸಿ ತಂದ.

“ಅರೆ, ಹುರದಬಿಟ್ಟಿಯಾ? ಎಣ್ಣಿ ಹಾಕಿಲ್ಲಲ್ಲ?”

“ಒಂದ್ ಹನಿನೂ ಇಲ್ರಿ.”

“ಭೇಷ್. ಇವಗ ಎಣ್ಣಿ ಆಗೂದಿಲ್ಲ” ಎಂದು ಸಾಹೇಬರು ಎಲೆಯನ್ನು ನಾಯಿಯ ಮುಂದಿಟ್ಟರು. “ಒಬ್ಬನ್ನ ಮನ್ಯಾಗ ಬಿಟ್ರ ಕೂಗತಾನ. ಅದಕ್ಕ ನಿನ್ನೆನ ಡಬ್ಬಿ ಕೊಟ್ಟಿದ್ದೆ.”

ನಾಯಿ ಎರಡೇ ಬಾಯಿಗೆ ಮುಗಿಸಿ ಎಲೆಯನ್ನೂ ನೆಕ್ಕಿತು. ಸಾಹೇಬರು ಚಕ್ಕಳಮಕ್ಕಳ ಹಾಕಿ ಕೂತು ಅಂಗಿಯ ತೋಳು ಮಡಚಿದರು. “ಹುಬ್ಬಳ್ಳಿ ರೇಲ್ವೆ ಚಾಳಿನ್ಯಾಗ ಬೆಳದಂವ ನಾನು. ಬಿಸಿ ರೊಟ್ಟಿ ತಿಂದು ಭಾಳ ದಿನಾತು. ತಗೊಂಬಾ.”

ಡಬ್ಬಿಯೇ ಸಾಹೇಬರ ಊಟವೆಂದು ನಂಬಿದ್ದ ನಾಗಲಿಂಗಪ್ಪನ ಒಲೆ ಬೆಳಗಿನಿಂದ ತಣ್ಣಗಿತ್ತು.

ಗೋಡೆಯಾಚೆ ಬಳೆ ಸದ್ದಾಯಿತು. ಬಿಸಿ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹೊತ್ತು ಈರಕ್ಕ ಬಂದಳು. ಬಡಿಸುತ್ತ ನಾಗಲಿಂಗಪ್ಪನ ಕಿವಿಯ ಹತ್ತಿರ ಮೆಲ್ಲಗೆ ಅಂದಳು: “ಗಂಡಸರ ಕಾಲಿಗೆ ಅಂದ್ರಿ. ನಾಕ್ ಕಾಲಿನ ಗಂಡಸರಿಗೆ ಅನಬೇಕಿತ್ತಲ್ರಿ?”

ಸಾಹೇಬರು ಐದು ರೊಟ್ಟಿ ಮುಗಿಸಿ, “ಯಾರ ಮನಿಯವ್ರು ತಾಯಿ ನೀವು?” ಎಂದರು.

“ಶಿವಲಿಂಗಪ್ಪನವರ ಮನಿಯವರ್ರಿ. ಬಾಯ್ಲರಿನ್ಯಾಗ ಹಂಗಾಮಿ ಅದಾರ್ರಿ.”

“ಇನ್ನ ಮ್ಯಾಲ ಹಂಗಾಮಿ ಅಲ್ಲ ಬಿಡ್ರಿ” ಎಂದು ಸಾಹೇಬರು ಕೈತೊಳೆದರು.

ನಾಗಲಿಂಗಪ್ಪ ಕೈಯೊರೆಸಲು ವಸ್ತ್ರ ಚಾಚಿದ. “ಸಾಹೇಬ್ರ, ನಂದು...”

“ನಿನ್ನ ಮರೀತೇನೇನೋ? ನಾ ಒಂದು ತಿಂಗಳು ರಜಾಕ್ಕ ಹೊಂಟೇನಿ. ಇಂವ ಯಾರ ಕೈಯಾಂದೂ ತಿನ್ನಂವಲ್ಲ. ನಿನ್ನ ಕೈಯಾಂದು ತಿಂದಾನ. ಇಲ್ಲೇ ಇರ್ಲಿ. ಸಂಜೀಕ ಮೂವತ್ತು ಡಬ್ಬಿ ಕಳಸ್ತೇನಿ.” ಸರಪಳಿಯನ್ನು ಅವನ ಕೈಗೆ ಸುತ್ತಿ ಸಾಹೇಬರು ಹೊರಟೇಹೋದರು.

ಎರಡರ ಬಸ್ಸು ಅಂದು ಹೊತ್ತಿಗೆ ಸರಿಯಾಗಿ ಬಂದಿತ್ತು. ಬಾಗಿಲಲ್ಲಿ ಗಂಟು ಇಳಿಸಿದ ನೀಲಕ್ಕ ಮೂಗರಳಿಸಿದಳು. ನಾಯಿಯನ್ನು ನೋಡಿದಳು, ಸಲಿಕೆಯನ್ನು ನೋಡಿದಳು, ಡಬ್ಬಿಯ ಮೇಲಿನ ಹಂದಿಯನ್ನು ನೋಡಿದಳು. ಕೊನೆಗೆ ಗಂಡನ ಮುಖ ನೋಡಿದಳು.

ಅವಳು ಬಾಯಿ ತೆರೆಯುವ ಮೊದಲೇ ನಾಗಲಿಂಗಪ್ಪ ತನ್ನಲ್ಲಿ ಉಳಿದಿದ್ದ ಒಂದೇ ಒಂದು ಸತ್ಯವನ್ನು ಮುಂದಿಟ್ಟ:

“ನಿನ್ನ ಎಣ್ಣಿ ಗಡಿಗಿ ಮುಟ್ಟಿಲ್ಲ.”