ಅರ್ಜಿಯ ಬೆನ್ನಿಗೆ ಬರೆದ ಭಾಷಣ

ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ನಾನು ಜೀವಮಾನದಲ್ಲಿ ಒಂದೇ ಒಂದು ಭಾಷಣ ಮಾಡಿದ್ದೇನೆ. ಅದರಿಂದ ನನ್ನ ಹೆಂಡತಿಯ ನೌಕರಿ ಹೋಯಿತು. ಇದ್ದ ನೌಕರಿ ಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಹೋದದ್ದು ಇನ್ನೇನು ಸಿಗಬೇಕಾಗಿದ್ದ ನೌಕರಿ. ಈಗಲೂ ಸಭೆಯಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡು ‘ಮಹಿಳೆ’ ಎಂದರೆ ಸಾಕು, ನಾನು ಮೆಲ್ಲಗೆ ನನ್ನ ಚಪ್ಪಲಿ ಹುಡುಕತೊಡಗುತ್ತೇನೆ.

ಆಗ ನಾನು ಶಿರಸಿಯ ಒಂದು ಕಚೇರಿಯಲ್ಲಿ ಕಾರಕೂನ. ರಾಜ್ಯ ಹೊಸದಾಗಿತ್ತು; ಮುಂಬಯಿಗೆ ಹೋಗುತ್ತಿದ್ದ ಕಾಗದಗಳೆಲ್ಲ ಬೆಂಗಳೂರಿನ ಕಡೆ ತಿರುಗಿದ್ದವು. ನನ್ನ ಚಾಳಿಗಳು ಮಾತ್ರ ಎತ್ತಲೂ ತಿರುಗಿರಲಿಲ್ಲ. ಒಂದು ಮಗ್ಗುಲು ಖಾಲಿಯಿರುವ ಹಾಳೆ ಕಂಡರೆ ಅದರ ಮೇಲೆ ಕರಡು ಗೀಚದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಲಗ್ನಪತ್ರಿಕೆಗಳ ಬೆನ್ನನ್ನೂ ಬಿಟ್ಟವನಲ್ಲ.

ನನ್ನ ಹೆಂಡತಿ ನೀಲಾ ದಾಸನಕೊಪ್ಪದವಳು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಕನ್ನಡ ಶಾಲೆಗೆ ಶಿಕ್ಷಕಿಯರು ಬೇಕೆಂದು ತಿಳಿದದ್ದೇ ಅರ್ಜಿ ತರಿಸಿದಳು, ತುಂಬಿದಳು, ತವರಿಗೆ ಹೋಗಿ ತನಗೆ ಕಲಿಸಿದ ಮಾಸ್ತರರಿಂದ ಅದರ ಮೇಲೆಯೇ ಶಿಫಾರಸು ಬರೆಸಿಕೊಂಡು ಬಂದಳು. ಉಳಿದದ್ದು ನನ್ನ ಒಪ್ಪಿಗೆಯ ಸಹಿ. ಗಂಡನ ಸಹಿ ಬೇಕೆಂದು ಯಾವ ಕಾಯಿದೆಯೂ ಇರಲಿಲ್ಲ. ಅದು ನನ್ನ ಮನೆಯ ಕಾಯಿದೆ.

“ಸೋಮವಾರ ಕಡೀ ದಿನ ಐತ್ರಿ. ಮರೀಬ್ಯಾಡ್ರಿ” ಎಂದು ಮೇಜಿನ ಮೇಲಿಟ್ಟಳು.

“ನಾಳೆ ನೋಡೂಣು ತಗೋ” ಎಂದೆ. ನಾಲ್ಕು ದಿನ ಅದನ್ನೇ ಅಂದೆ.

ಪುರುಸೊತ್ತೆಲ್ಲಿತ್ತು? ಭಾನುವಾರ ಸಿದ್ದಾಪುರದ ಓದುಗರ ಬಳಗದಲ್ಲಿ ನಾನೊಂದು ಕಾದಂಬರಿಯ ವಿಮರ್ಶೆ ಮಾಡಬೇಕಿತ್ತು. ಗಂಡನ ಮನೆಯಲ್ಲಿ ಬಾಯಿ ಬಿಡದೆ ಬೆಂದ ಹೆಂಗಸೊಬ್ಬಳು ಟ್ರಂಕು ಹಿಡಿದು ಹೊರಬಿದ್ದು ದಾದಿಯಾಗುವ ಕಥೆ. ಎರಡು ಸಲ ಓದಿ ಎರಡು ಸಲವೂ ಕಣ್ಣೊರೆಸಿಕೊಂಡೆ. ಕೈಗೆ ಸಿಕ್ಕ ಹಾಳೆಯ ಬೆನ್ನಿಗೆ ಬರೆದೆ: ‘ಈ ಗಂಡ ಹೊಡೆಯುವವನಲ್ಲ, ಬೈಯುವವನಲ್ಲ. ಅವಳು ಏನು ಕೇಳಿದರೂ ನಾಳೆ ನೋಡೋಣ ಎನ್ನುತ್ತಾನೆ, ಅಷ್ಟೇ. ಆ ನಾಳೆಯೇ ಅವಳ ಕಾಲಿನ ಬೇಡಿ.’ ಬರೆದು ನಾನೇ ತಲೆದೂಗಿದೆ. ಹಾಳೆ ಮಗುಚಿ ನೋಡುವ ವ್ಯವಧಾನ ಯಾರಿಗಿತ್ತು!

ಸಿದ್ದಾಪುರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಳಗದ ಕಾರ್ಯದರ್ಶಿ ಹೆಗಡೆಯವರು ಕೈ ಹಿಡಿದುಕೊಂಡು, “ಎಂಥಾ ಚಂದ ಹೇಳಿದ್ರಿ ಮಾರಾಯ್ರೆ! ಆ ಹಾಳೆ ಕೊಡಿ, ನಾಳೆ ಇಲ್ಲೇ ಹತ್ರ ಬಿಳಗಿಗೆ ಹೋಗ್ತೆ, ತಂಗಿಗೆ ಓದಿ ಹೇಳ್ತೆ” ಎಂದರು. ಉಬ್ಬಿಹೋಗಿ ಕೊಟ್ಟೆ.

ಸೋಮವಾರ ಬೆಳಿಗ್ಗೆ ನೀಲಾ ಒಳ್ಳೆಯ ಸೀರೆ ಉಟ್ಟು ಬಂದು, “ಸಹಿ ಮಾಡಿ ಕೊಡ್ರಿ, ಹೋಗಿ ಕೊಟ್ಟು ಬರ್ತೀನಿ” ಎಂದಳು. ಮೇಜಿನ ಮೇಲೆ ಅರ್ಜಿಯಿಲ್ಲ. ಭಾಷಣ ಬರೆದದ್ದು ಯಾವ ಹಾಳೆಯ ಬೆನ್ನಿಗೆಂದು ಆಗ ಹೊಳೆಯಿತು. ಸಿಕ್ಕ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಓಡಿದರೆ ಹೆಗಡೆಯವರು ಆಗಲೇ ಬಿಳಗಿಗೆ ಹೋಗಿಯಾಗಿತ್ತು. ಬಿಳಗಿಗೆ ಹೋದರೆ ಅವರ ತಂಗಿ ಆ ಹಾಳೆ ಹಿಡಿದು ಅಳುತ್ತ ಕೂತಿದ್ದರು. ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಬಸ್ಸು ತಪ್ಪಿತು. ಶಿರಸಿ ಮುಟ್ಟಿದಾಗ ಅರ್ಜಿ ಕೊಡಬೇಕಾದ ಕಚೇರಿಗೆ ಬೀಗ ಬಿದ್ದಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮನೆಗೆ ಬಂದರೆ ನೀಲಾ ಇನ್ನೂ ಅದೇ ಸೀರೆಯಲ್ಲಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಹಾಳೆ ಇಸಿದುಕೊಂಡು ನನ್ನ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಚೊಲೋ ಬರದೀರಿ” ಎಂದಳು. ಆಮೇಲೆ ಮಗುಚಿ ನೋಡಿ, “ಲಗೂನ ಬಂದಿದ್ರೂ ಏನ್ ಮಾಡ್ತಿದ್ರಿ? ಸಹೀನ ಮಾಡಿಲ್ಲಲ್ರೀ” ಎಂದು ಮತ್ತೆ ಮಗುಚಿ ಮೇಜಿನ ಮೇಲಿಟ್ಟು ಒಳಗೆ ನಡೆದಳು.

ನನಗೆ ತಡೆಯಲಾಗಲಿಲ್ಲ. ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಪೆನ್ನು ತೆಗೆದು, ಒದ್ದೆಗಣ್ಣಿನಲ್ಲೇ ಸರಕ್ಕನೆ ಸಹಿ ಹಾಕಿದೆ. ಕಣ್ಣೊರೆಸಿಕೊಂಡು ನೋಡಿದರೆ, ಸಹಿ ಬಿದ್ದದ್ದು ನನ್ನ ಭಾಷಣದ ಕೆಳಗೆ.