ಕೊಲೆಗಳು ಬಾಡಿಗೆಗೆ ಸಿಗುತ್ತವೆ

ಜಯನಗರದಲ್ಲಿ ನಾನು ಬಾಡಿಗೆ ಪುಸ್ತಕಗಳ ಅಂಗಡಿ ಇಟ್ಟು ಬಹಳ ವರ್ಷವಾಯಿತು. ಎಲ್ಲರೂ ಫೋನಿನೊಳಗೆ ತಲೆ ಹುದುಗಿಸಿಕೊಂಡಿರುವ ಈ ಕಾಲದಲ್ಲೂ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ಕೊಲೆ ಪುಸ್ತಕದೊಳಗೇ ನಡೆದು ಮುಗಿಯುತ್ತದೆ. ಅದರ ಪರಿಣಾಮ ಮಾತ್ರ ಆಗಾಗ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತದೆ.

ಕೊನೆಯ ಪುಟ

ಹಿಂದಿನ ಬೀದಿಯ ಆಂಟಿಗೆ ಮೊದಲು ಕೊನೆಯ ಪುಟ ಓದುವ ಅಭ್ಯಾಸ. "ಯಾರು ಕೊಂದಿದ್ದು ಅಂತ ಗೊತ್ತಾಗಿಬಿಟ್ರೆ ನೆಮ್ಮದಿಯಾಗಿ ಓದ್ಬೋದಮ್ಮ. ನಂಗೆ ಬಿಪಿ ಇದೆ" ಎನ್ನುತ್ತಾರೆ.

ಒಮ್ಮೆ ಅವರು ಒಯ್ದ ಪುಸ್ತಕದ ಕೊನೆಯ ಪುಟಗಳೇ ಹರಿದುಹೋಗಿದ್ದವು. ವಾರದ ಮೇಲೆ ತಂದು ತೋರಿಸಿದಾಗ ನನಗೆ ನಾಚಿಕೆಯಾಯಿತು.

"ಪರವಾಗಿಲ್ಲ ಬಿಡಮ್ಮ, ನಾನೇ ಯೋಚ್ನೆ ಮಾಡಿ ಕಂಡುಹಿಡಿದೆ. ಆ ಡಾಕ್ಟರೇ!"

ನಿಜಕ್ಕೂ ಕೊಂದವಳು ಸತ್ತವನ ಹೆಂಡತಿ. ಹೇಳೋಣವೆಂದುಕೊಂಡೆ. ಅವರ ಮುಖದ ಹೆಮ್ಮೆ ನೋಡಿ ಬೇರೆ ಪುಸ್ತಕ ತೆಗೆದುಕೊಟ್ಟೆ. ಮೆಟ್ಟಿಲಿಳಿಯುತ್ತಾ ಅವರೇ ಹೇಳಿದರು: "ನಮ್ಮ ಬಿಪಿ ಡಾಕ್ಟರನ್ನೂ ಬದಲಾಯಿಸ್ಬಿಟ್ಟೆ. ಅವರೂ ಹಾಗೇ, ಸುಮ್‌ಸುಮ್ನೆ ನಗ್ತಾರೆ."

ಎರಡನೇ ಕಾಫಿ

ಕತ್ರಿಗುಪ್ಪೆಯ ನಿವೃತ್ತ ದಂಪತಿ ಒಂದೇ ಪುಸ್ತಕವನ್ನು ಸರದಿಯ ಮೇಲೆ ಓದುತ್ತಾರೆ. ಮೊದಲ ಸರದಿ ಯಾವಾಗಲೂ ಯಜಮಾನರದು. ಒಂದು ದಿನ ಆಕೆ ಒಬ್ಬರೇ ಬಂದರು.

"ಇವರ ಕಾಟ ತಡೆಯಕ್ಕಾಗ್ತಿಲ್ಲ ಕಣ್ರೀ. 'ಇನ್ನೊಂದು ಕಾಫಿ ಕೊಡ್ತೀಯೋ, ಕೊಲೆಗಾರನ ಹೆಸರು ಹೇಳ್ಲೋ' ಅಂತ ಹೆದರಿಸ್ತಾರೆ."

ಆ ಸಲ ಹೊಸ ಪುಸ್ತಕವನ್ನು, ಮೊದಲು ನೀವೇ ಓದಿ ಎಂದು, ಆಕೆಯ ಕೈಗೇ ಕೊಟ್ಟು ಕಳಿಸಿದೆ. ಎರಡು ವಾರವಾದ ಮೇಲೆ ಯಜಮಾನರು ಸಿಕ್ಕರು. "ಹೇಗಿದೆ ಸಾರ್ ಪುಸ್ತಕ?" ಎಂದೆ.

"ಅವಳು ಮುಗಿಸಿದಾಳೆ, ನಾನಿನ್ನೂ ಅರ್ಧದಲ್ಲಿದೀನಿ ಮೇಡಂ. ಅಲ್ಲೀವರೆಗೂ ಬಾಯ್ ಮುಚ್ಕೊಂಡು ತರಕಾರಿ ಹೆಚ್ಚಬೇಕು."

ರಜೆಯ ಅರ್ಜಿ

ಬಿಟಿಎಮ್‌ನಲ್ಲಿ ರೂಮು ಮಾಡಿಕೊಂಡಿದ್ದ ಗದಗ ಕಡೆಯ ಹುಡುಗ, ಆಫೀಸಿನಲ್ಲಿ ಇಂಗ್ಲಿಷ್ ಬೇಕೆಂದು ಒಂದು ವರ್ಷ ಪತ್ತೇದಾರಿ ಕಾದಂಬರಿಗಳನ್ನೇ ಓದಿದ. ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಬಂದು ಪುಸ್ತಕ ವಾಪಸ್ ಇಟ್ಟ.

"ಅಕ್ಕಾರ, ಊರಾಗ ನಮ್ಮಜ್ಜಿ ತೀರ್ಕೊಂಡಾಳ್ರಿ. ತೊಂಬತ್ನಾಲ್ಕ ಆಗಿತ್ತು, ನಿದ್ದಿಯೊಳಗ ಹೋಗ್ಯಾಳ. ಮೂರು ದಿನ ರಜಾ ಕೇಳಿ ಆಫೀಸಿಗೆ ಈಗ ಮೇಲ್ ಹಾಕೀನಿ. ಇಂಗ್ಲಿಷ್ ಸರಿ ಐತೇನ್ ನೋಡ್ರಿ."

ಪಾಪ ಅನ್ನಿಸಿತು. ಫೋನು ಇಸಿದುಕೊಂಡು ಓದಿದೆ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ರಜೆಯ ಮಾತಿಗೆ ಮುಂಚೆ ಬರೆದದ್ದು ಇಷ್ಟು: 'ಇಂದು ಬೆಳಿಗ್ಗೆ ಆರು ಗಂಟೆಗೆ ನನ್ನ ಅಜ್ಜಿಯ ಶವ ಆಕೆಯ ಕೋಣೆಯಲ್ಲಿ ಪತ್ತೆಯಾಯಿತು. ಬಾಗಿಲು ಒಳಗಿನಿಂದ ಹಾಕಿತ್ತು. ಸದ್ಯಕ್ಕೆ ಕುಟುಂಬದ ಯಾರ ಮೇಲೂ ಅನುಮಾನವಿಲ್ಲ.'

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಮ್ಯಾನೇಜರ್ ಫೋನು ಬಂತು.

"ಹೌದ್ರಿ ಸರ್... ಮನ್ಯಾಗ ಎಲ್ಲಾರೂ ಇದ್ರು... ಇಲ್ರಿ, ನಾ ಬೆಂಗಳೂರಾಗ ಇದ್ದೆ, ರೂಮ್‌ಮೇಟ್‌ನ ಕೇಳ್ರಿ ಬೇಕಾದ್ರ... ಆತ್ರಿ ಸರ್."

ಫೋನಿಟ್ಟು, ಕಣ್ಣೊರೆಸಿಕೊಂಡು ಹೇಳಿದ: "ಭಾಳ ದೊಡ್ಡ ಮನಸ್ಸಿನ ಮನಷ್ಯಾ ಅಕ್ಕಾರ. ಮೂರು ದಿನ ಯಾಕ, ತನಿಖೆ ಮುಗಿಯೋತನಕ ಬರಬ್ಯಾಡ ಅಂದ್ರು."